ಮೊದಲ ಸಲ ದೂರದ ಟ್ರಯಥ್ಲಾನ್: ಸೈಕಲ್ ಮೇಲೆ ಜೊತೆಯವರೊಂದಿಗೆ ಹೇಗಿರಬೇಕು?

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದರಂತೆ ಮುಗಿಸುವ ರೇಸ್. ಅದರಲ್ಲಿ ಐರನ್‌ಮ್ಯಾನ್ ಅನ್ನೋ ಪೂರ್ಣ ದೂರದ ರೇಸ್‌ನಲ್ಲಿ 3.8 ಕಿ.ಮೀ. ಈಜಿ ಮೇಲೆ ಬಂದರೆ 180 ಕಿ.ಮೀ. ಸೈಕಲ್ ಕಾದಿರುತ್ತದೆ. ಅರ್ಧ ದೂರದ ರೇಸ್‌ನಲ್ಲಾದರೆ 90 ಕಿ.ಮೀ. ಕಾಲಿಗೆ ಬೇಕಾದ ತಾಲೀಮು ಎಲ್ಲರೂ ಮಾಡಿಕೊಂಡೇ ಬಂದಿರುತ್ತಾರೆ. ಆದರೆ ನೂರಾರು ಜನರ ನಡುವೆ ಸೈಕಲ್ ಹೇಗೆ ಓಡಿಸಬೇಕು ಅನ್ನೋದನ್ನು ಕಲಿತು ಬರುವವರು ಕಡಿಮೆ. ಗೆಳೆಯರ ಜೊತೆ ಹೋಗುವಾಗ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ತುಳಿಯೋದು ನಮಗೆ ರೂಢಿ. ರೇಸ್ ದಿನ ಅದೇ ರೂಢಿ ತಪ್ಪಾಗುತ್ತದೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಅಂತರದ ವಿಷಯಕ್ಕೇ ಕೊಡುತ್ತೇನೆ.

ಅಂತರ ಯಾಕೆ?

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳೋದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗಾಗಿ ಹಾಕಬೇಕಾದ ಪವರ್ ಎಂಟು ಪಟ್ಟಾಗುತ್ತದೆ. ಇನ್ನೊಬ್ಬರ ಬೆನ್ನ ಹಿಂದೆ ಸೇರಿಕೊಂಡರೆ ಆ ಭಾರದಲ್ಲಿ ಒಂದು ಪಾಲನ್ನು ಅವರೇ ಹೊರುತ್ತಾರೆ. ಇದೇ ಡ್ರಾಫ್ಟಿಂಗ್. ದೂರದ ಟ್ರಯಥ್ಲಾನ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಗಾಳಿಯನ್ನು ತಾವೇ ಸೀಳಬೇಕು. ಆಟದ ಅಡಿಪಾಯವೇ ಅದು. ರೆಫರಿ ಕಾಣದಿದ್ದಾಗ ಹಿಂದೆ ಕೂತು ಹೋಗೋದು ಅಂದರೆ ಪಕ್ಕದವರ ಶ್ರಮವನ್ನು ಕೇಳದೇ ತೆಗೆದುಕೊಂಡ ಹಾಗೆ. ನನಗಂತೂ ಇದಕ್ಕಿಂತ ದೊಡ್ಡ ಅಮರ್ಯಾದೆ ರೇಸ್‌ನಲ್ಲಿ ಇನ್ನೊಂದಿಲ್ಲ.

ಹವ್ಯಾಸಿಗಳಿಗೆ ನಿಯಮ 12 ಮೀಟರ್. ಎಲ್ಲಿಂದ ಎಲ್ಲಿಗೆ ಅನ್ನೋದು ಮುಖ್ಯ: ಮುಂದಿನವರ ಮುಂಚಕ್ರದಿಂದ ನಮ್ಮ ಮುಂಚಕ್ರಕ್ಕೆ. ಅಂದರೆ ನಡುವೆ ಖಾಲಿ ಕಾಣುವ ಜಾಗ ಸುಮಾರು ಆರು ಸೈಕಲ್‌ಗಳಷ್ಟು. ಸುಸ್ತಾದಾಗ ಕಣ್ಣಳತೆ ಮೋಸ ಮಾಡುತ್ತದೆ. ಅದಕ್ಕೆ ನಾನು ಸಮಯ ಎಣಿಸುತ್ತೇನೆ. ರಸ್ತೆ ಮೇಲೆ ಒಂದು ಗುರುತು ನೋಡಿಕೊಳ್ಳಿ. ಬಿಳಿ ಗೆರೆಯ ತುದಿಯೋ, ಡಾಂಬರಿನ ತೇಪೆಯೋ ಸಾಕು. ಅವರ ಮುಂಚಕ್ರ ಅದನ್ನು ದಾಟಿದ ಮೇಲೆ ನಿಮ್ಮ ಮುಂಚಕ್ರ ದಾಟಲು ಎಷ್ಟು ಹೊತ್ತು ಆಯ್ತು? ಗಂಟೆಗೆ 30 ಕಿ.ಮೀ. ವೇಗದಲ್ಲಿ 12 ಮೀಟರ್ ಅಂದರೆ ಸುಮಾರು ಒಂದೂವರೆ ಸೆಕೆಂಡ್. ಅದಕ್ಕಿಂತ ಬೇಗ ದಾಟಿದರೆ ನೀವು ಹತ್ತಿರ ಇದ್ದೀರಿ ಅಂತ ಅರ್ಥ.

ದಾಟುವ ಲೆಕ್ಕ

ಆ 12 ಮೀಟರ್ ಒಳಗೆ ಕಾಲಿಟ್ಟರೆ 25 ಸೆಕೆಂಡ್‌ನಲ್ಲಿ ಅವರನ್ನು ದಾಟಿರಬೇಕು. ಐರನ್‌ಮ್ಯಾನ್ ನಿಯಮದಲ್ಲಿ ಒಳಗೆ ಹೋದ ಮೇಲೆ ಮನಸ್ಸು ಬದಲಿಸಿ ಹಿಂದೆ ಸರಿಯುವ ಹಾಗೂ ಇಲ್ಲ. ಇದನ್ನು ಲೆಕ್ಕದಲ್ಲಿ ನೋಡಿ. ಮುಂದಿನವರು 30ರಲ್ಲಿ ಹೋಗುತ್ತಿದ್ದರೆ 25 ಸೆಕೆಂಡ್‌ನಲ್ಲಿ ಸುಮಾರು 208 ಮೀಟರ್ ಹೋಗುತ್ತಾರೆ. ನೀವು ಅಷ್ಟೇ ಹೊತ್ತಿನಲ್ಲಿ 220 ಮೀಟರ್ ಹೋಗಬೇಕು. ಅಂದರೆ ನಿಮ್ಮ ವೇಗ 32ರ ಹತ್ತಿರ ಇರಬೇಕು. ಬರೀ ಎರಡು ಕಿ.ಮೀ. ವ್ಯತ್ಯಾಸ! ಆದರೆ ಎದುರುಗಾಳಿಯಲ್ಲಿ, ಏರಿನಲ್ಲಿ ಆ ಎರಡು ಕಿ.ಮೀ. ಜೀವ ತೆಗೆಯುತ್ತದೆ. ಆದ್ದರಿಂದ ನಿರ್ಧಾರವನ್ನು ಹೊರಗಿದ್ದಾಗಲೇ ಮಾಡಿ. ಇನ್ನೂ ನೂರಾರು ಮೀಟರ್ ಅದೇ ಜೋರಿನಲ್ಲಿ ತುಳಿಯಬಲ್ಲೆ ಅನ್ನಿಸಿದರೆ ಹೋಗಿ. ಇಲ್ಲದಿದ್ದರೆ ಹಿಂದೆಯೇ ಇದ್ದು ಒಂದು ಗುಟುಕು ನೀರು ಕುಡಿಯಿರಿ.

ನಿಮ್ಮನ್ನು ಬೇರೆಯವರು ದಾಟಿದಾಗ? ಅವರ ಮುಂಚಕ್ರ ನಿಮ್ಮ ಮುಂಚಕ್ರಕ್ಕಿಂತ ಮುಂದೆ ಹೋಯಿತು ಅಂದರೆ ಜಾಗ ಅವರದಾಯ್ತು. ಈಗ ಹಿಂದೆ ಸರಿದು 12 ಮೀಟರ್ ಬಿಟ್ಟುಕೊಡುವ ಹೊಣೆ ನಿಮ್ಮದು. ಹಾಗೆ ಪೂರ್ತಿ ಹಿಂದೆ ಬಂದ ಮೇಲೆಯೇ ಮತ್ತೆ ದಾಟಬಹುದು. ಹೊಸಬರು ಎಡವೋದು ಇಲ್ಲೇ. ಯಾರಾದರೂ ಪಕ್ಕಕ್ಕೆ ಬಂದ ಕೂಡಲೇ ಕಾಲು ತಾನಾಗಿಯೇ ಜೋರು ತುಳಿಯುತ್ತದೆ. ಅವರೂ ಬಿಡೋದಿಲ್ಲ, ನಾವೂ ಬಿಡೋದಿಲ್ಲ. ಇಬ್ಬರೂ ಪಕ್ಕಪಕ್ಕದಲ್ಲಿ ರಸ್ತೆ ತುಂಬಿಕೊಂಡು ಹೋಗುತ್ತೇವೆ, ಹಿಂದಿನವರಿಗೆ ದಾರಿಯೇ ಇಲ್ಲ. ನಿಜವಾಗಿ ನೀವು ದೊಡ್ಡ ತ್ಯಾಗವನ್ನೇನೂ ಮಾಡಬೇಕಾಗಿಲ್ಲ. ನಾಲ್ಕೈದು ಸುತ್ತು ಪೆಡಲ್ ಹಗುರ ಮಾಡಿದರೆ ಸಾಕು, ವೇಗವಾಗಿ ಬಂದವರು ತಾವೇ ದೂರ ಹೋಗುತ್ತಾರೆ.

ದಾಟದೇ ಇರುವಾಗ ರಸ್ತೆಯ ಅಂಚಿನ ಕಡೆ ಇರಿ. ವಾಹನಗಳು ಎಡಕ್ಕೆ ಓಡುವ ದೇಶದಲ್ಲಿ ಎಡಕ್ಕೆ, ಬಲಕ್ಕೆ ಓಡುವಲ್ಲಿ ಬಲಕ್ಕೆ. ನಡುವೆ ಹೋಗುತ್ತಾ ಇದ್ದರೆ ಅದು ದಾರಿ ಅಡ್ಡಗಟ್ಟಿದ ಹಾಗೆ, ಅದಕ್ಕೂ ಶಿಕ್ಷೆ ಉಂಟು. ದಾಟುವ ಮುಂಚೆ ಹಿಂದೆ ಒಮ್ಮೆ ನೋಡಿ. ಆಮೇಲೆ ಯಾವ ಕಡೆಯಿಂದ ಬರುತ್ತಿದ್ದೀರಿ ಅಂತ ಜೋರಾಗಿ ಹೇಳಿ. ಇಳಿಜಾರಿನಲ್ಲಿ ಇನ್ನೂ ಮೊದಲೇ ಹೇಳಬೇಕು, ಅಲ್ಲಿ ಗಾಳಿಯ ಸದ್ದಿನಲ್ಲಿ ಕೂಗು ಕೇಳಿಸೋದಿಲ್ಲ.

ಏಡ್ ಸ್ಟೇಷನ್‌ನಲ್ಲಿ

ಇದು ದಾರಿಯಲ್ಲಿ ನೀರು, ತಿನಿಸು ಕೊಡುವ ಜಾಗ. ದೂರದಿಂದ ಅದರ ಬೋರ್ಡ್ ಕಂಡ ತಕ್ಷಣ ಏರೋಬಾರ್ (ಬಗ್ಗಿ ಮೊಣಕೈ ಊರಿ ಹಿಡಿಯುವ ಮುಂದಿನ ಹಿಡಿಕೆ) ಬಿಟ್ಟು ಎದ್ದು ಕೂತುಕೊಳ್ಳಿ. ಬೆರಳು ಬ್ರೇಕ್ ಮೇಲಿರಲಿ. ಖಾಲಿ ಬಾಟಲಿಯನ್ನು ಮೊದಲ ಕಸದ ಜಾಗದಲ್ಲೇ ಬಿಟ್ಟರೆ ಕೈಯೂ ಖಾಲಿ, ಬಾಟಲಿ ಇಡುವ ಕೇಜೂ ಖಾಲಿ. ಸಾಲಾಗಿ ನಿಂತ ವಾಲಂಟಿಯರ್‌ಗಳಲ್ಲಿ ಒಬ್ಬರನ್ನು ಆರಿಸಿ, ಅವರ ಕಣ್ಣು ನೋಡಿ, ಬೆರಳು ತೋರಿಸಿ, ಬೇಕಾದ್ದನ್ನು ಒಂದೇ ಪದದಲ್ಲಿ ಹೇಳಿ. "ನೀರು!" ಅವರು ಕೈ ಚಾಚಿ ನಿಲ್ಲುತ್ತಾರೆ. ನೀವು ಜೋರಾಗಿ ಬಂದರೆ ಬಾಟಲಿ ಅವರ ಬೆರಳಿಗೆ ಬಡಿದು ಹಾರುತ್ತದೆ. ಆ ನೋವು ಅವರದ್ದು, ಹಾರಿದ ಬಾಟಲಿ ಹಿಂದಿನವರ ಚಕ್ರದ ಕೆಳಗೆ. ನಿಧಾನ ಬಂದರೆ ಮೆತ್ತಗೆ ಅಂಗೈಗೆ ಸೇರುತ್ತದೆ. ತಪ್ಪಿಹೋದರೆ ಬ್ರೇಕ್ ಒತ್ತಬೇಡಿ, ಮುಂದೆ ಇನ್ನೊಬ್ಬರು ಇದ್ದೇ ಇರುತ್ತಾರೆ. ಏನೂ ಬೇಡವಾದರೆ ಟೇಬಲ್‌ಗಳಿಂದ ದೂರದ ಕಡೆಯಲ್ಲಿ ಸಾಗಿಬಿಡಿ. ನಿಲ್ಲಬೇಕಾದರೆ ಸಾಲು ದಾಟಿ ಅಂಚಿಗೆ ಬಂದು ನಿಲ್ಲಿ. ಮತ್ತೆ, ಥ್ಯಾಂಕ್ಸ್ ಹೇಳಿ. ಅವರು ನಮಗಾಗಿ ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತಿರುತ್ತಾರೆ.

ಕಸ ಬಿಡಲು ಅಲ್ಲಿ ಗುರುತು ಮಾಡಿದ ಜಾಗ ಇರುತ್ತದೆ. ಅದರಾಚೆ, ಶಕ್ತಿಗಾಗಿ ತಿನ್ನುವ ಜೆಲ್ ಪ್ಯಾಕೆಟ್‌ನ ಹರಿದ ತುದಿ ಬಿದ್ದರೂ ಅದು ಕಸವೇ. ತುದಿಯನ್ನು ಪೂರ್ತಿ ಕೀಳದೇ ಅರ್ಧ ಹರಿದು, ತಿಂದ ಮೇಲೆ ಜರ್ಸಿಯ ಜೇಬಿಗೆ ಹಾಕಿಕೊಳ್ಳಿ. ಇನ್ನೊಂದು ಕಸವನ್ನು ನಾವು ಬೇಕಂತ ಎಸೆಯೋದಿಲ್ಲ: ಸೀಟಿನ ಹಿಂದಿನ ಕೇಜಿನಿಂದ ಜಿಗಿಯುವ ಬಾಟಲಿ. ನನ್ನ ಮೊದಲ ರೇಸ್‌ನಲ್ಲಿ ಒಂದು ಸಣ್ಣ ಗುಂಡಿಗೆ ನನ್ನ ಬಾಟಲಿ ಹಾರಿತು. ಹಿಂದಿದ್ದವರೊಬ್ಬರು ಕಿರುಚಿ ಪಕ್ಕಕ್ಕೆ ಸರಿದರು. ಬೀಳಲಿಲ್ಲ, ಆದರೆ ಆ ಕಿರುಚು ನನಗೆ ಇನ್ನೂ ನೆನಪಿದೆ. ಈಗ ಹಿಂದಿನ ದಿನವೇ ತುಂಬಿದ ಬಾಟಲಿ ಇಟ್ಟು, ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡುತ್ತೇನೆ. ಸಡಿಲ ಅನ್ನಿಸಿದರೆ ರಬ್ಬರ್ ಬ್ಯಾಂಡ್ ಸುತ್ತುತ್ತೇನೆ.

ಉಗಿಯುವಾಗ, ಮೂಗು ಸೀನುವಾಗ ಹಿಂದೆ ನೋಡಿ, ಗಾಳಿ ಎತ್ತ ಬೀಸುತ್ತಿದೆ ಅಂತಲೂ ನೋಡಿ. ಮೂತ್ರಕ್ಕೆ ಶೌಚಾಲಯದಲ್ಲೇ ನಿಲ್ಲಿ, ಒಂದೆರಡು ನಿಮಿಷ ಹೋದರೆ ಹೋಗಲಿ. ಹೆಡ್‌ಫೋನ್ ಬೇಡ, ಅದು ನಿಷಿದ್ಧ.

ಕಾರ್ಡ್ ಬಂದರೆ

ಮೋಟರ್‌ಸೈಕಲ್ ಮೇಲೆ ರೆಫರಿ ಬಂದು ನೀಲಿ ಕಾರ್ಡ್ ತೋರಿಸಿದರೆ ವಾದ ಮಾಡಬೇಡಿ. ಐರನ್‌ಮ್ಯಾನ್ ರೇಸ್‌ಗಳಲ್ಲಿ ಡ್ರಾಫ್ಟಿಂಗ್‌ಗೆ 5 ನಿಮಿಷದ ಶಿಕ್ಷೆ. ಮುಂದಿನ ಪೆನಾಲ್ಟಿ ಟೆಂಟ್‌ನಲ್ಲಿ ನೀವಾಗಿಯೇ ನಿಲ್ಲಬೇಕು. ನಿಲ್ಲದೇ ಹೋದರೆ ರೇಸ್‌ನಿಂದಲೇ ಹೊರಗೆ. ಐದು ನಿಮಿಷದಲ್ಲಿ ಉಸಿರು ತಹಬಂದಿಗೆ ಬರುತ್ತದೆ, ರೇಸ್ ಏನೂ ಮುಗಿದುಹೋಗೋದಿಲ್ಲ. ಬೇರೆ ಆಯೋಜಕರ ಅಂಕಿಗಳು ಬೇರೆ ಇರಬಹುದು. ನಿಮ್ಮ ರೇಸ್‌ನ ಕೈಪಿಡಿಯನ್ನು ಹಿಂದಿನ ರಾತ್ರಿ ಅಲ್ಲ, ಒಂದು ವಾರ ಮೊದಲೇ ಓದಿ.

ಯಾರಾದರೂ ಬಿದ್ದಿದ್ದರೆ ವೇಗ ತಗ್ಗಿಸಿ, "ಸರಿಯಿದ್ದೀರಾ?" ಅಂತ ಕೇಳಿ. ಉತ್ತರ ಬರದಿದ್ದರೆ ನಿಲ್ಲಿ. ಮಾತಾಡುತ್ತಿದ್ದಾರೆ, ಆದರೆ ಏಳಲಾಗುತ್ತಿಲ್ಲ ಅಂದರೆ ಅವರ ನಂಬರ್, ದಾರಿಬದಿಯ ಕಿ.ಮೀ. ಗುರುತು ನೆನಪಿಟ್ಟುಕೊಂಡು ಮುಂದೆ ಸಿಗುವ ಮೊದಲ ಮಾರ್ಷಲ್‌ಗೆ ತಿಳಿಸಿ. ಪಂಕ್ಚರ್ ಆದವರಿಗೆ ನಿಮ್ಮ ಹತ್ತಿರ ಇರುವ ಟ್ಯೂಬ್ ಕೊಡಬಹುದು, ಒಂದೇ ರೇಸ್‌ನ ಇಬ್ಬರ ನಡುವೆ ಅದಕ್ಕೆ ಅಡ್ಡಿಯಿಲ್ಲ. ನಿಮ್ಮ ಮನೆಯವರು ಬಂದು ಕೊಟ್ಟರೆ ಮಾತ್ರ ಹೊರಗಿನ ನೆರವಾಗುತ್ತದೆ.

ಕೊನೆಯ ಕಿಲೋಮೀಟರ್‌ನಲ್ಲಿ ಎಲ್ಲರ ತಲೆಯಲ್ಲೂ ಓಟವೇ ಇರುತ್ತದೆ. ಇಳಿಯುವ ಗೆರೆಯ ಹತ್ತಿರ ಹಿಂದಿನವರಿಗೆ ಕೇಳುವ ಹಾಗೆ "ನಿಲ್ತಿದ್ದೀನಿ" ಅಂತ ಹೇಳಿ, ಗೆರೆಗೆ ಮುಂಚೆಯೇ ಇಳಿಯಿರಿ. ಸೈಕಲ್ ತಳ್ಳಿಕೊಂಡು ನಿಮ್ಮ ರ‍್ಯಾಕ್‌ಗೆ ಹೋಗಿ, ಪಕ್ಕದವರ ಶೂ, ಟವೆಲ್ ತುಳಿಯದ ಹಾಗೆ ತೂಗುಹಾಕಿ. ಆಮೇಲೆ ಹೆಲ್ಮೆಟ್ ಬಕಲ್ ಬಿಚ್ಚಿ, ಅದಕ್ಕೆ ಮೊದಲು ಬೇಡ.