ಕುದುರೆ ಹಾಡು ಕೇಳಿ ಕುಣಿಯೋದಿಲ್ಲ

2023ರ ಏಷ್ಯನ್ ಗೇಮ್ಸ್ ವೇಳೆ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಚೀನಾದ ಹಾಂಗ್‌ಝೌನಲ್ಲಿ ಕೋಲ್ಕತ್ತದ ಹುಡುಗ ಅನುಷ್ ಅಗರ್ವಾಲಾ, ಎಟ್ರೋ ಅನ್ನುವ ಕುದುರೆಯ ಮೇಲೆ. ಸಂಗೀತಕ್ಕೆ ಸರಿಯಾಗಿ ಗೊರಸು ಬೀಳುತ್ತಿದೆ, ಸವಾರ ಅಲುಗಾಡುತ್ತಲೇ ಇಲ್ಲ. ‘ಮೂಕಪ್ರಾಣಿಗೂ ತಾಳ ಗೊತ್ತು ನೋಡಿ, ಪೂರ್ವಜನ್ಮದ ಸಂಸ್ಕಾರ’ ಅಂತ ಚಿಕ್ಕಪ್ಪ ಬರೆದರು. ಚಿಕ್ಕಪ್ಪನ ಮೇಲೆ ಗೌರವ ಇದೆ. ಆದರೆ ವಿಷಯ ಪೂರ್ತಿ ಉಲ್ಟಾ.

ಕುದುರೆ ಹಾಡಿಗೆ ಹೊಂದಿಕೊಂಡಿಲ್ಲ, ಹಾಡನ್ನೇ ಕುದುರೆಗೆ ಹೊಂದಿಸಿದ್ದಾರೆ. ಈ ಆಟದ ಹೆಸರು ಡ್ರೆಸ್ಸೇಜ್, ಸವಾರನ ಸೂಕ್ಷ್ಮ ಸನ್ನೆಗೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆ. ಅದರಲ್ಲಿ ಸಂಗೀತದ ಜೊತೆ ನಡೆಯುವ ಫ್ರೀಸ್ಟೈಲ್ ಸುತ್ತಿಗೆ ತಯಾರಿ ಮಾಡುವಾಗ ಆ ಕುದುರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕುತ್ತದೆ ಅಂತ ಎಣಿಸಿ, ಅದಕ್ಕೆ ಒಪ್ಪುವ ಸಂಗೀತ ಹುಡುಕಿ, ಕತ್ತರಿಸಿ ಜೋಡಿಸುತ್ತಾರೆ. ದರ್ಜಿ ಅಂಗಿಗೆ ಅಳತೆ ತಗೊಂಡ ಹಾಗೆ. ಅಷ್ಟಾದರೂ ಉಳಿಯುವ ಹೆಚ್ಚುಕಮ್ಮಿಯನ್ನು ಸರಿಮಾಡುವವನು ಸವಾರ. ಹಾಡು ಕೇಳುತ್ತಿರುವವನು ಅವನು, ಕುದುರೆ ಕೇಳುತ್ತಿರುವುದು ಅವನ ಸೊಂಟವನ್ನು.

ನಮ್ಮ ಕೋಲೆ ಬಸವನನ್ನು ನೆನೆಸಿಕೊಳ್ಳಿ. ‘ಈ ವರ್ಷ ಮಳೆ ಆಗುತ್ತಾ ಬಸವಣ್ಣಾ?’ ತಲೆ ಮೇಲೆ ಕೆಳಗೆ. ‘ಅಮ್ಮಾವ್ರು ಹಳೇ ಸೀರೆ ಕೊಡ್ತಾರಾ?’ ಮತ್ತೆ ಮೇಲೆ ಕೆಳಗೆ. ಬಸವನಿಗೆ ಮಳೆಯ ವಿಷಯ ಗೊತ್ತಿಲ್ಲ, ಹಗ್ಗ ಹಿಡಿದವನ ವಿಷಯ ಚೆನ್ನಾಗಿ ಗೊತ್ತು. ಬರ್ಲಿನ್‌ನಲ್ಲಿ ಇದೇ ಆಟ ಭಾರೀ ಪ್ರಮಾಣದಲ್ಲಿ ನಡೆಯಿತು. ವಿಲ್ಹೆಲ್ಮ್ ಫಾನ್ ಓಸ್ಟೆನ್ ಅನ್ನುವ ನಿವೃತ್ತ ಗಣಿತದ ಮೇಷ್ಟ್ರ ಬಳಿ ಹಾನ್ಸ್ ಅಂತ ಕುದುರೆ ಇತ್ತು. ಏಳಕ್ಕೆ ಐದು ಕೂಡಿಸು ಅಂದರೆ ನೆಲಕ್ಕೆ ಹನ್ನೆರಡು ಸಲ ಗೊರಸು ಕುಟ್ಟುತ್ತಿತ್ತು. 1904ರಲ್ಲಿ ಒಂದು ಸಮಿತಿ ಕೂತು ನೋಡಿ, ಮೋಸ ಏನೂ ಇಲ್ಲ ಅಂತು. ಮೋಸ ನಿಜಕ್ಕೂ ಇರಲಿಲ್ಲ! ಆಮೇಲೆ ಆಸ್ಕರ್ ಫಂಗ್ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಸರಳ ಪರೀಕ್ಷೆ ಮಾಡಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿಸಿದ. ಹಾನ್ಸ್ ಫೇಲು. ಪ್ರಶ್ನೆ ಕೇಳಿದವರು ಗೊರಸು ನೋಡಲು ಒಂಚೂರು ಬಗ್ಗುತ್ತಿದ್ದರು, ಸರಿಯಾದ ಸಂಖ್ಯೆ ಬಂದಾಗ ತಮಗೇ ಗೊತ್ತಿಲ್ಲದೆ ತಲೆ ಎತ್ತುತ್ತಿದ್ದರು. ಕುದುರೆಗೆ ಅಷ್ಟು ಸಾಕಿತ್ತು.

ಹಾನ್ಸ್ ಕಣ್ಣಿಂದ ಓದಿದ್ದನ್ನು ಡ್ರೆಸ್ಸೇಜ್ ಕುದುರೆ ಬೆನ್ನಿಂದ ಓದುತ್ತದೆ. ಬೆನ್ನ ಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸುವ ಪ್ರಾಣಿ ಅದು. ಜಾತ್ರೆಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರಿಗೆ ಇದು ಗೊತ್ತಿರುತ್ತದೆ. ಮಗು ಬತ್ತಾಸಿನ ಅಂಗಡಿ ಕಡೆ ವಾಲಿದರೆ ಅಪ್ಪನ ಕಾಲು ತಾನಾಗೇ ಆ ಕಡೆ ಹೋಗುತ್ತದೆ, ಇಲ್ಲದಿದ್ದರೆ ಇಬ್ಬರೂ ಬೀಳಬೇಕು. ಬೈಕಿನ ಹಿಂದೆ ಕೂತವರು ತಪ್ಪು ಕಡೆ ವಾಲಿದಾಗ ಓಡಿಸುವವರಿಗೆ ಆಗುವ ಕಿರಿಕಿರಿಯೂ ಇದೇ ಲೆಕ್ಕ.

ಭಾರ ಓದುವುದು ಹುಟ್ಟಿನಿಂದ ಬಂದದ್ದು, ಉಳಿದ ಭಾಷೆ ಕಲಿಸಿದ್ದು. ಹೇಗೆ? ಕಾಲಿನಿಂದ ಪಕ್ಕೆಯನ್ನು ಮೆಲ್ಲಗೆ ಒತ್ತಿ, ಕುದುರೆ ಸರಿಯಾದ ಹೆಜ್ಜೆ ಇಟ್ಟ ಆ ಕ್ಷಣಕ್ಕೇ ಒತ್ತುವುದನ್ನು ನಿಲ್ಲಿಸುತ್ತಾರೆ. ಪಾಠ ಇರುವುದು ಒತ್ತುವುದರಲ್ಲಲ್ಲ, ಬಿಡುವುದರಲ್ಲಿ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕುವವರೆಗೂ ಕಿಂಯ್ ಕಿಂಯ್ ಅನ್ನುತ್ತಲ್ಲ, ಹಾಕಿದ ತಕ್ಷಣ ಸುಮ್ಮನಾಗುತ್ತಲ್ಲ, ಅದೇ. ಹಾಕಿದ ಮೇಲೂ ಕೂಗುತ್ತಿದ್ದರೆ ನೀವು ಬೆಲ್ಟ್ ಹಾಕೋದನ್ನೇ ಬಿಡುತ್ತಿದ್ದಿರಿ. ದಿನ ಕಳೆದಂತೆ ಒತ್ತುವುದು ಕಮ್ಮಿಯಾಗುತ್ತಾ ಬರುತ್ತದೆ. ನೆಂಟರ ಮುಂದೆ ಮೂರನೇ ಹೋಳಿಗೆಗೆ ಕೈ ಹಾಕಿದಾಗ ಚಿಕ್ಕಂದಿನಲ್ಲಿ ಅಮ್ಮ ಚಿವುಟುತ್ತಿದ್ದರು, ಆಮೇಲೆ ಬರೀ ಕಣ್ಣಿನಲ್ಲೇ ಮುಗಿಯುತ್ತಿತ್ತು. ಬಿಡುವುದು ಗೊತ್ತಿಲ್ಲದವರು ಚಾಟಿ ಹಿಡಿಯುತ್ತಾರೆ, ಅದನ್ನು ನಾನು ಕಲಿಸುವುದು ಅನ್ನುವುದಿಲ್ಲ.

ಇದರ ತುತ್ತತುದಿ ನೋಡಬೇಕಂದರೆ ಕ್ಯಾಂಟರ್‌ನಲ್ಲಿ, ಅಂದರೆ ಕುದುರೆಯ ಮೂರು ತಾಳದ ನೆಗೆಯುವ ಓಟದಲ್ಲಿ, ಕಾಲು ಬದಲಿಸುವುದನ್ನು ನೋಡಿ. ಮೊದಲು ಒಂದು ಹಿಂಗಾಲು, ಆಮೇಲೆ ಓರೆಯಾಗಿ ಎದುರುಬದುರಿರುವ ಒಂದು ಹಿಂಗಾಲು, ಒಂದು ಮುಂಗಾಲು ಒಟ್ಟಿಗೆ, ಕೊನೆಗೆ ಒಂದು ಮುಂಗಾಲು, ಆಮೇಲೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ಹೀಗೆ ಕೊನೆಗೆ ಮುಂದೆ ಚಾಚುವ ಮುಂಗಾಲು ಎಡದಿಂದ ಬಲಕ್ಕೆ ಬದಲಾಗಬೇಕಾದದ್ದು ಆ ಗಾಳಿಯಲ್ಲೇ. ಅಂದರೆ ಸವಾರ ಅದಕ್ಕೂ ಮುಂಚೆ, ಕಣ್ಣು ಮಿಟುಕಿಸುವಷ್ಟು ಮುಂಚೆ, ಹೇಳಿರಬೇಕು. ಎರಡು ಹೆಜ್ಜೆಗೊಮ್ಮೆ ಹೀಗೆ ಮಾಡಿಸುತ್ತಾರೆ. ಬಾಯಿ ಬಿಡುವಂತಿಲ್ಲ, ನಾಲಿಗೆ ಲೊಚಗುಟ್ಟಿದರೂ ಅಂಕ ಕಟ್.

ಕಷ್ಟ ಏನಂದರೆ, ಇಷ್ಟು ಸೂಕ್ಷ್ಮ ಕಿವಿ ಇರುವ ಕುದುರೆಗೆ ನೀವು ಹೇಳಬೇಕು ಅಂದುಕೊಳ್ಳದ್ದೂ ಕೇಳಿಸುತ್ತದೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ ಜನರಿಗೆ ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ಕರೆದೊಯ್ಯಲು ಹೇಳಿದರು. ನಾಲ್ಕನೇ ಸಲ, ‘ಈ ಬಾರಿ ಕುದುರೆ ಮುಂದೆ ಛತ್ರಿ ಬಿಚ್ಚುತ್ತೇವೆ’ ಅಂದರು. ಮನುಷ್ಯರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು. ಛತ್ರಿಯನ್ನು ಯಾರೂ ಬಿಚ್ಚಲೇ ಇಲ್ಲ.

ಹಾಗಾಗಿ ಚಾಂಪಿಯನ್‌ಷಿಪ್ ತಯಾರಿ ಅಂದರೆ ಮುಕ್ಕಾಲು ಪಾಲು ಸವಾರನ ಉಸಿರಿನ ತಯಾರಿ. ಅನುಷ್ 17ನೇ ವಯಸ್ಸಿಗೆ ಮನೆ ಬಿಟ್ಟು ಜರ್ಮನಿಯ ಪಾಡರ್‌ಬಾರ್ನ್‌ಗೆ ಹೋದವನು, ಹುಬರ್ಟಸ್ ಷ್ಮಿಟ್ ಬಳಿ ವರ್ಷಗಟ್ಟಲೆ ಕಲಿತ. ಹಾಂಗ್‌ಝೌನಲ್ಲಿ ಅವನು, ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಸೇರಿ ತಂಡದ ಚಿನ್ನ ತಂದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಸಿಕ್ಕ ಮೊದಲ ಏಷ್ಯನ್ ಚಿನ್ನ. ಎರಡು ದಿನ ಬಿಟ್ಟು ಎಟ್ರೋ ಜೊತೆ ಆ ಫ್ರೀಸ್ಟೈಲ್, ಶೇ 73.030 ಅಂಕ, ಕಂಚು.

ಮುಂದಿನ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅವನು ಹೋದದ್ದು ಬೇರೆ ಕುದುರೆ ಮೇಲೆ, ಸರ್ ಕ್ಯಾರಮೆಲ್ಲೊ ಓಲ್ಡ್. ಬಂದದ್ದು ಶೇ 66.444. ಅಲ್ಲಿಯ ಪರೀಕ್ಷೆ ಇನ್ನೂ ಕಷ್ಟದ್ದು, ಎರಡನ್ನೂ ಹೋಲಿಸುವ ಹಾಗಿಲ್ಲ. ಆದರೂ ಹಾಂಗ್‌ಝೌನ ಆ ವಿಡಿಯೊ ಸಿಕ್ಕರೆ ಒಂದು ಸಲ ಶಬ್ದ ನಿಲ್ಲಿಸಿ ಹಾಕಿಕೊಳ್ಳಿ, ಕುದುರೆಯ ಕಾಲು ಬಿಟ್ಟು ಸವಾರನ ಸೊಂಟವನ್ನಷ್ಟೇ ನೋಡಿ. ಚಿಕ್ಕಪ್ಪನಿಗೂ ಇದನ್ನೇ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.