ಒಡೆಯುತ್ತದೆ ಎಂದು ಗೊತ್ತು, ಹೇಗೆ ಎಂದು ಗೊತ್ತಿಲ್ಲ: 21 ಅಂಕಿಯ ಒಂದು ಸಂಖ್ಯೆಯ ಹಿನ್ನೆಲೆ

14,75,73,95,25,89,67,64,12,927. 2ರ 67ನೇ ಘಾತದಲ್ಲಿ ಒಂದು ಕಳೆದರೆ ಸಿಗುವ ಸಂಖ್ಯೆ ಇದು. ಇದು ಅವಿಭಾಜ್ಯ ಅಲ್ಲ ಎಂದು ತಿಳಿದದ್ದು 1903ರಲ್ಲಿ ಎಂದು ಹಲವರು ಬರೆಯುತ್ತಾರೆ. ನಿಜಕ್ಕೂ ಅದು 27 ವರ್ಷ ಮೊದಲೇ ಗೊತ್ತಾಗಿತ್ತು. ಸಂಖ್ಯೆ ಒಡೆಯುತ್ತದೆಯೇ, ಒಡೆದರೆ ಹೇಗೆ ಎಂಬ ಎರಡು ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿವೆ.

ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟರು. 257ರವರೆಗೆ 2, 3, 5, 7, 13, 17, 19, 31, 67, 127, 257 ಈ ಘಾತಗಳಿಗೆ ಮಾತ್ರ 2ರ ಘಾತದಲ್ಲಿ ಒಂದು ಕಳೆದ ಸಂಖ್ಯೆ ಅವಿಭಾಜ್ಯ ಎಂದರು. 1772ರಲ್ಲಿ ಗಣಿತಜ್ಞ ಆಯ್ಲರ್ 31 ಸರಿ ಎಂದು ತೋರಿಸಿದರು. ಆಮೇಲೆ ಒಂದು ಶತಮಾನ ಪಟ್ಟಿ ಹಾಗೇ ಉಳಿಯಿತು.

1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ ದಾರಿಯನ್ನೇ ಬದಲಿಸಿದರು. ಅಪವರ್ತನ ಸಿಗುತ್ತದೆಯೇ ಎಂದು ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುವ ಗೋಜಿಗೇ ಹೋಗದ ಪರೀಕ್ಷೆ ಅವರದು. ಅದರ ಈಗಿನ ಸರಳ ರೂಪವನ್ನು 2ರ 7ನೇ ಘಾತದಲ್ಲಿ ಒಂದು ಕಳೆದ 127ರ ಮೇಲೆ ನೋಡಿ. 4ರಿಂದ ಶುರು. ವರ್ಗ ಮಾಡಿ 2 ಕಳೆಯಿರಿ, 127ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ, ಮತ್ತೆ ಅದನ್ನೇ ಮಾಡಿ. 4, 14, 67, 42, 111, 0. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಐದು ಹೆಜ್ಜೆ. ಕೊನೆಗೆ ಸೊನ್ನೆ ಬಂತು, 127 ಅವಿಭಾಜ್ಯ. ಕಾಗದ ಪೆನ್ಸಿಲ್ ಇದ್ದರೆ ಹೈಸ್ಕೂಲ್ ಹುಡುಗಿಯೂ ಮಾಡಬಹುದು. ಎಷ್ಟು ಚೆಂದ ಅಲ್ವಾ?

ಈ ಬಗೆಯ ಲೆಕ್ಕದಿಂದಲೇ ಲ್ಯೂಕಾ 67 ಅವಿಭಾಜ್ಯ ಕೊಡುವುದಿಲ್ಲ ಎಂದು ತೀರ್ಮಾನಿಸಿದರು. ಆದರೆ ಪರೀಕ್ಷೆ ಅಪವರ್ತನಗಳನ್ನು ಹೇಳುವುದಿಲ್ಲ. ಸಂಖ್ಯೆ ಒಡೆಯುತ್ತದೆ, ಅಷ್ಟೇ.

ಆ ಅಪವರ್ತನಗಳನ್ನು ಹುಡುಕಿದವರು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕ್‌ನ ಗಣಿತ ಸಭೆಯಲ್ಲಿ ತೋರಿಸಿದರು: 19,37,07,721 × 7,61,83,82,57,287. ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಿಸಿ ಕೂತರು, ಸಭೆ ಚಪ್ಪಾಳೆ ತಟ್ಟಿತು ಎಂಬ ಕಥೆ ಗಣಿತದವರ ಬಾಯಲ್ಲಿ ಉಳಿದಿದೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹುಡುಕಾಟ ಅಷ್ಟು ಕಿರಿದಾದರೂ ಚಿಕ್ಕ ಅಪವರ್ತನ ಸಿಗುವುದು 134ನ್ನು 14,45,580ರಿಂದ ಗುಣಿಸಿ ಒಂದು ಕೂಡಿದಾಗ! ಕೈಲೆಕ್ಕದಲ್ಲಿ ಇದು ದೊಡ್ಡ ಸಾಹಸವೇ. ಆದರೂ ಚಪ್ಪಾಳೆಯ ಕಥೆಯೊಂದೇ ಹರಡಿ ಲ್ಯೂಕಾ ಹೆಸರು ಹಿಂದೆ ಸರಿದಿರುವುದು ಸರಿಯಲ್ಲ.

ಪಟ್ಟಿ ಪೂರ್ತಿ ಸರಿಯಾಗಲು 20ನೇ ಶತಮಾನ ಬೇಕಾಯಿತು. 257 ಕೂಡ ಬಿದ್ದುಹೋಯಿತು. ಬಿಟ್ಟುಹೋಗಿದ್ದ 61, 89, 107 ಒಳಗೆ ಬಂದವು. 67 ಅನ್ನುವುದು 61ರ ಕೈತಪ್ಪು ಇರಬಹುದು ಎನ್ನುವವರೂ ಇದ್ದಾರೆ.

ಎರಡು ಪ್ರಶ್ನೆಗಳ ನಡುವಿನ ಅಂತರ ಇನ್ನೂ ಮುಚ್ಚಿಲ್ಲ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಹೆಚ್ಚು ಹೆಜ್ಜೆಗಳಿಲ್ಲದೆ ಖಚಿತವಾಗಿ ಹೇಳಬಹುದೆಂದು ಸಾಬೀತು ಮಾಡಿದರು. ಒಡೆಯುವುದಕ್ಕೆ ಅಂಥ ದಾರಿ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಸಿಕ್ಕಿಲ್ಲ. 2ರ 1277ನೇ ಘಾತದಲ್ಲಿ ಒಂದು ಕಳೆದು ನೋಡಿ, 385 ಅಂಕಿ. ಅವಿಭಾಜ್ಯ ಅಲ್ಲ ಎಂದು ಖಚಿತ. ಆದರೆ ಅದರ ಒಂದೇ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.