ಶೇ. 30 ಹೆಚ್ಚು ಕೊಡುತ್ತಾರೆಂದು ಕಾಯಂ ನೌಕರಿ ಬಿಡಬಹುದೇ?

ಪ್ರಶ್ನೆ: ಆರು ವರ್ಷದಿಂದ ಒಂದೇ ಕಡೆ ಕಾಯಂ ನೌಕರಿಯಲ್ಲಿದ್ದೇನೆ. ಈಗ ಬೇರೊಂದು ಕಡೆಯಿಂದ 12 ತಿಂಗಳ ಗುತ್ತಿಗೆ ಕೆಲಸಕ್ಕೆ ಕರೆದಿದ್ದಾರೆ. ಸಂಬಳ ಶೇ. 30 ಹೆಚ್ಚು. ‘ಆಮೇಲೆ ಕಾಯಂ ಮಾಡಿಕೊಳ್ಳಲೂಬಹುದು’ ಅಂದಿದ್ದಾರೆ. ಹೋಗಲೇ?

ಉತ್ತರ: ಆ 30ರಲ್ಲಿ ನಿಮ್ಮ ಕೈಗೆಷ್ಟು ಉಳಿಯುತ್ತದೆ ಅನ್ನುವುದನ್ನು ಮೊದಲು ನೋಡೋಣ. ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ಕೆಲಸದ ದಿನ. ನಿಮಗೀಗ ಅಷ್ಟಕ್ಕೂ ಸಂಬಳ ಬರುತ್ತದೆ, ಜ್ವರ ಬಂದು ಮಲಗಿದ ದಿನಕ್ಕೂ. ದಿನದ ಲೆಕ್ಕದ ಗುತ್ತಿಗೆಯಲ್ಲಿ ದುಡಿದ ದಿನಕ್ಕಷ್ಟೇ ದುಡ್ಡು. ಸಾರ್ವತ್ರಿಕ ರಜೆ 10, ಸ್ವಂತ ರಜೆ 15, ಕಾಯಿಲೆಗೆ 5 ಕಳೆಯಿರಿ: 230. ಗುತ್ತಿಗೆ ಮುಗಿದ ಮೇಲೆ ಒಂದು ತಿಂಗಳು ಕೆಲಸವಿಲ್ಲದೆ ಕೂತರೆ ಇನ್ನೊಂದು 22 ಹೋಗಿ 208.

ಈಗಿನ ದಿನದ ಸಂಬಳ 100 ಅಂದುಕೊಳ್ಳಿ. ವರ್ಷಕ್ಕೆ 26,000. ಅಲ್ಲಿ ದಿನಕ್ಕೆ 130ರಂತೆ 208 ದಿನಕ್ಕೆ 27,040. ಹೆಚ್ಚಿಗೆ ಬಂದದ್ದು ಶೇ. 4. ಎರಡು ತಿಂಗಳು ಖಾಲಿ ಕೂತರೆ 24,180, ಅಂದರೆ ಈಗಿನದಕ್ಕಿಂತಲೂ ಕಡಿಮೆ. ಆರೋಗ್ಯ ವಿಮೆ, ನಿವೃತ್ತಿ ನಿಧಿಗೆ ಕಂಪನಿ ಹಾಕುತ್ತಿದ್ದ ಪಾಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. (ರಜೆಗೂ ಸಂಬಳ ಕೊಡುವ ಗುತ್ತಿಗೆಗಳಿವೆ. ನಿಮ್ಮದು ಅಂಥದ್ದೇ ಎಂದು ಕೇಳಿಕೊಳ್ಳಿ, ಲೆಕ್ಕ ಬದಲಾಗುತ್ತದೆ.)

ಇನ್ನು ‘12 ತಿಂಗಳು’. ಕರಾರುಪತ್ರದಲ್ಲಿ ‘ಯಾವುದೇ ಪಕ್ಷ 15 ದಿನದ ನೋಟಿಸ್ ಕೊಟ್ಟು ರದ್ದುಪಡಿಸಬಹುದು’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ನಿಮಗೆ ಖಾತ್ರಿ ಇರುವುದು ಆ 15 ದಿನ ಮಾತ್ರ. ಮೇಲಿನ 12 ಅವರ ಅಂದಾಜು. ಕಾಯಂ ನೌಕರಿಯಿಂದಲೂ ತೆಗೆಯುತ್ತಾರೆ, ನಿಜ. ಆದರೆ ಎಷ್ಟೋ ಕಡೆ ನೋಟಿಸ್ ಅವಧಿ, ಪರಿಹಾರ ಎರಡೂ ಸೇವಾವಧಿಯ ಮೇಲೆ ನಿಂತಿರುತ್ತವೆ. ರಾಜೀನಾಮೆ ಕೊಟ್ಟ ದಿನ ನಿಮ್ಮ ಆರು ವರ್ಷದ ಸೇವೆ ಸೊನ್ನೆಯಾಗುತ್ತದೆ. ಇದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರೂ ಲೆಕ್ಕ ಹಾಕುವುದೂ ಇಲ್ಲ. ಸದ್ಯದಲ್ಲೇ ಮನೆ ಸಾಲಕ್ಕೆ ಅರ್ಜಿ ಹಾಕುವವರಾದರೆ ಇನ್ನೂ ಹುಷಾರಾಗಿರಿ: ಸಾಲ ಕೊಡುವವರು ನೋಡುವುದು ಆದಾಯ ಎಷ್ಟು ದಿನ ಬರುತ್ತದೆ ಅನ್ನುವುದನ್ನೂ.

‘ಕಾಯಂ ಮಾಡಿಕೊಳ್ಳಲೂಬಹುದು’ ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಹುದ್ದೆ ಮಂಜೂರು ಮಾಡುವವರು ಬೇರೆ. ಕಳೆದೆರಡು ವರ್ಷದಲ್ಲಿ ಇದೇ ತಂಡದಲ್ಲಿ ಗುತ್ತಿಗೆಯವರು ಎಷ್ಟು ಜನ ಕಾಯಂ ಆಗಿದ್ದಾರೆ ಎಂದು ನೇರವಾಗಿ ಕೇಳಿ. ಹಾರಿಕೆ ಉತ್ತರ ಬಂದರೆ ಅದೇ ಉತ್ತರ.

ಈಗಿನ ಕಡೆ ಕಲಿಯುವುದಕ್ಕೆ ಏನೂ ಉಳಿದಿಲ್ಲ, ಅಲ್ಲಿನ ಕೆಲಸದಿಂದ ಮುಂದೆ ಬೇರೆ ಬಾಗಿಲು ತೆರೆಯುತ್ತದೆ, ಕೈಯಲ್ಲಿ ಆರು ತಿಂಗಳ ಖರ್ಚಿನಷ್ಟು ಹಣವೂ ಇದೆ ಅನ್ನುವುದಾದರೆ ಈ ಶೇ. 4ಕ್ಕೂ ಹೋಗಬಹುದು. ಬರೀ ದುಡ್ಡಿಗಾಗಿ ಆದರೆ ನನ್ನ ಸಲಹೆ: ಶೇ. 50 ಹೆಚ್ಚು ಕೇಳಿ, ಎರಡು ತಿಂಗಳ ನೋಟಿಸ್ ಬರೆಸಿಕೊಳ್ಳಿ. ಆಗ ಅದೇ 208 ದಿನಕ್ಕೆ 31,200 ಬರುತ್ತದೆ. ಒಪ್ಪದಿದ್ದರೆ ಈಗಿರುವಲ್ಲೇ ಇರಿ.